ಮೀನುಮರಿ ಹೊತ್ತ ವ್ಯಾನು

ಸಿಂಧೂರಳ ಡೀಸೆಲ್ ವ್ಯಾನಿನ ಮಾದರಿ ತಯಾರಿಸುವುದನ್ನು ಕಂಪನಿಯವರು ನಿಲ್ಲಿಸಿ ಬಹಳ ವರ್ಷವಾಗಿತ್ತು. ಹಿಂದಿನ ಸೀಟು ಬಿಡಿಸಿದರೆ ಜನ, ಮಡಚಿದರೆ ಸಾಮಾನು. ಬೆಳಿಗ್ಗೆ ಕೋಲ್ಕತ್ತದಲ್ಲಿ ತನ್ನ ಮನೆಯಿದ್ದ ಡಮ್ ಡಮ್‌ನಿಂದ ಸಾಲ್ಟ್ ಲೇಕ್‌ನ ಆಫೀಸುಗಳಿಗೆ ಹುಡುಗಿಯರನ್ನು ಬಿಟ್ಟು, ಆಮೇಲೆ ಕರೆದವರ ಸರಕು ಹೇರುತ್ತಿದ್ದಳು. ರೈಲ್ವೆಯಲ್ಲಿದ್ದ ಅಪ್ಪನಿಗೆ ಹುಬ್ಬಳ್ಳಿಯಿಂದ ಇಲ್ಲಿಗೆ ವರ್ಗವಾದಾಗ ಅವಳಿನ್ನೂ ಹಾಲುಹಲ್ಲಿನ ಹುಡುಗಿ. ಈಗ ನಲವತ್ತು ದಾಟಿದೆ. ದುರ್ಗಾಪೂಜೆಯ ಹೊತ್ತಿಗೆ ಗಾಡಿಗೆ ಹದಿನೈದು ವರ್ಷ ತುಂಬುತ್ತಿತ್ತು. ಕಾನೂನಿನ ಪ್ರಕಾರ ಆಮೇಲೆ ಅದು ಕೋಲ್ಕತ್ತದ ರಸ್ತೆಗೆ ಇಳಿಯುವಂತಿಲ್ಲ. ಯಾರಾದರೂ ನೆನಪಿಸಿದರೆ "ನೋಡೂಣು" ಅನ್ನುತ್ತಿದ್ದಳು, ಅಷ್ಟೆ.

ಆ ದಿನ ಬೆಳಗಿನಿಂದಲೇ ಮಳೆ. ಆಫೀಸುಗಳೆಲ್ಲ ಮನೆಯಿಂದಲೇ ಕೆಲಸ ಮಾಡಿ ಎಂದಿದ್ದವು. ಸುದ್ದಿ ಗೊತ್ತಾಗದೆ ಬಂದು ವ್ಯಾನಿನಲ್ಲಿ ಕೂತವಳು ಅಕ್ಷರಾ ಒಬ್ಬಳೇ. ಬೆಂಗಳೂರಿನವಳು, ಊರಿಗೆ ಹೊಸಬಳು, ಮಾತು ಕಡಿಮೆ.

"ಮನಿಗೆ ಬಿಡ್ಲೇನವಾ?" ಸಿಂಧೂರ ಕೇಳಿದಳು.

"ರೂಮಿಗೆ ಹೋಗಿ ಏನ್ಮಾಡ್ಲಿ ಅಕ್ಕ. ನೀವೆಲ್ಲಿಗೆ?"

"ಟಾಲಿಗಂಜ್ ಕಡೆ. ಮೀನಿನ ಮರಿ ಒಯ್ಯೂದೈತಿ."

"ನಾನೂ ಬರ್ತೀನಿ."

ಮೀನುಮರಿ ಮಾರುವ ಹರಾಧನ್ ಲೋಕಲ್ ರೈಲಿನಿಂದಿಳಿದು ಸ್ಟೇಷನ್ನಿನ ಹೊರಗೆ ಕಾಯುತ್ತಿದ್ದ. ಅವನ ಬಳಿ ನಾಲ್ಕು ಅಗಲಬಾಯಿಯ ಅಲ್ಯೂಮಿನಿಯಂ ಹಂಡೆಗಳು. ಒಳಗೆ ರೆಪ್ಪೆಗೂದಲಷ್ಟೇ ಸಣ್ಣ ರೋಹು ಮರಿಗಳು. ವ್ಯಾನಿನಲ್ಲಿ ಕೂತವನೇ ಎರಡೂ ಕೈಯಿಂದ ನೀರನ್ನು ತಟ್ಟತೊಡಗಿದ. ನೀರು ಸುಮ್ಮನೆ ನಿಂತರೆ ಮರಿಗಳಿಗೆ ಉಸಿರಿಲ್ಲ. ಒಂದೆರಡು ಹಂಡೆಯನ್ನು ಅವನು ಕಲಕುವಷ್ಟರಲ್ಲಿ ಉಳಿದವನ್ನು ಗಾಡಿಯ ಕುಲುಕಾಟವೇ ನೋಡಿಕೊಳ್ಳುತ್ತಿತ್ತು.

ಗರಿಯಾಹಾಟ್ ದಾಟುವಾಗ ರಸ್ತೆ ಯಾವುದು, ಫುಟ್‌ಪಾತ್ ಯಾವುದು ತಿಳಿಯಲಿಲ್ಲ. ಸೀರೆ ಅಂಗಡಿಗಳ ಕೆಂಪು ಹಳದಿ ಬಣ್ಣಗಳು ನೀರಿನಲ್ಲಿ ಉದ್ದುದ್ದ ಹರಡಿ ಅಲುಗುತ್ತಿದ್ದವು. ಚೆಂಡುಹೂವಿನ ಹಾರವೊಂದು ತೇಲಿಬಂದು ಚಕ್ರದ ಪಕ್ಕದಲ್ಲೇ ಹಾದುಹೋಯಿತು. ಒಂದು ಓಣಿಗೆ ತಿರುಗಿದಾಗ ಸೀಟಿನಡಿ ಪಟ್ಟನೆ ಸದ್ದಾಯಿತು. ಎಂಜಿನ್ನಿನ ಫ್ಯಾನ್ ಬೆಲ್ಟ್ ಹರಿದಿತ್ತು. ಎಂಜಿನ್ ಕಾಯುವ ಮೊದಲೇ ಸಿಂಧೂರ ಕೀಲಿ ತಿರುಗಿಸಿ ಆರಿಸಿದಳು. ಮೆಕ್ಯಾನಿಕ್ಕಿಗೆ ಫೋನ್ ಮಾಡಿದರೆ, "ಆ ಗಾಡಿಯ ಬೆಲ್ಟಾ? ಹುಡುಕಬೇಕು ದಿದಿ. ಇಲ್ಲೂ ಸೊಂಟದವರೆಗೆ ನೀರಿದೆ" ಎಂದ.

ಗಾಡಿ ನಿಂತಿತು, ಹಂಡೆಯ ನೀರೂ ನಿಂತಿತು. ಹರಾಧನ್ ಎರಡು ಹಂಡೆಗಳಲ್ಲಿ ಕೈಯಾಡಿಸುತ್ತಲೇ ಇಬ್ಬರ ಮುಖವನ್ನೂ ನೋಡಿದ. ಅಕ್ಷರಾ ತೋಳು ಮಡಚಿ ಮೂರನೆಯ ಹಂಡೆಗೆ ಕೈಯಿಟ್ಟಳು. ಸಿಂಧೂರ ಹಿಂದೆ ಬಂದು ನಾಲ್ಕನೆಯದರ ಮುಂದೆ ಕೂತಳು.

ತನ್ನದೇ ವ್ಯಾನಿನ ಹಿಂಭಾಗದಲ್ಲಿ ಅವಳು ಹೀಗೆ ಎಂದೂ ಕೂತಿರಲಿಲ್ಲ. ತಗಡಿನ ಮೇಲೆ ಮಳೆಯ ಸದ್ದು ಇಲ್ಲಿ ಮೆತ್ತಗೆ ಕೇಳುತ್ತಿತ್ತು. ತೆರೆದ ಬಾಗಿಲಾಚೆ ಓಣಿಯೆಲ್ಲ ನದಿ. ಮನೆಗಳೇ ಹಿಂದಕ್ಕೆ ಸರಿಯುತ್ತಿವೆ, ವ್ಯಾನು ದೋಣಿಯಂತೆ ತೇಲಿಹೋಗುತ್ತಿದೆ ಅನಿಸಿತು. ಮರಿಗಳು ಬೆರಳ ಸಂದಿಯಲ್ಲಿ ನುಸುಳುತ್ತಿದ್ದವು. ಮುಟ್ಟಿದವೋ ಇಲ್ಲವೋ ಹೇಳಲಾಗದಷ್ಟು ಹಗುರ. ಎಷ್ಟು ಹೊತ್ತಾಯಿತೋ. ಪೂಜೆ, ಗಾಡಿ, ನಾಳೆ ಎಲ್ಲ ಕೈಯ ಸುತ್ತಿನಲ್ಲಿ ಕರಗಿಹೋದವು.

"ಅಕ್ಕ, ನಾನು ಕೆಲಸ ಬಿಡ್ತೀನಿ ಅಂತ ನಿನ್ನೆ ಅಮ್ಮನಿಗೆ ಹೇಳಿದೆ," ಅಕ್ಷರಾ ಹಂಡೆಯಿಂದ ಕಣ್ಣು ತೆಗೆಯದೆ ಹೇಳಿದಳು. "ಇಲ್ಲಿ ನನ್ನ ಕೈಯಲ್ಲಿ ಏನೂ ಆಗ್ತಿಲ್ಲ ಅನಿಸ್ತಿತ್ತು."

"ಈಗ?"

"ಈಗ ಕೈ ತೆಗೆದ್ರೆ ಇವು ಸಾಯ್ತಾವೆ."

ಎದುರು ಮನೆಯ ಜಗುಲಿಗೆ ಒಬ್ಬ ಹಿರಿಯ ಹೆಂಗಸು ಬಂದು, ಏನಾಯಿತೆಂದು ಬಂಗಾಳಿಯಲ್ಲಿ ಕೇಳಿದಳು. ಹರಾಧನ್ ಹೇಳಿದ. ಮರಿ ಕೊಳ್ಳಬೇಕಾದವನಿಗೆ ಆಗಲೇ ಫೋನ್ ಮಾಡಿದ್ದ. ಅವನ ಕೊಳ ಉಕ್ಕಿ ರಸ್ತೆಗೆ ಬಂದಿತ್ತಂತೆ, ಇವತ್ತು ಬೇಡವೆಂದಿದ್ದ. ಹೆಂಗಸು ಕೇಳಿ, ಒಳಗೆ ಹೋಗಿ ಯಾರಿಗೋ ಫೋನ್ ಮಾಡಿದಳು. ಸ್ವಲ್ಪ ಹೊತ್ತಿಗೆ ಓಣಿಯ ಕ್ಲಬ್ಬಿನ ಕಾರ್ಯದರ್ಶಿ ಕೊಡೆ ಹಿಡಿದು, ಪಂಚೆ ಎತ್ತಿಕಟ್ಟಿ ನೀರಿನಲ್ಲಿ ನಡೆದುಬಂದ. ಕ್ಲಬ್ಬಿನ ಹಿಂದೆ ಎತ್ತರದ ದಂಡೆಯ ಕೊಳವಿದೆ, ಮೀನು ಬಿಟ್ಟು ಎಷ್ಟೋ ಕಾಲವಾಯಿತು, ಇವನ್ನು ನಾವೇ ಕೊಳ್ಳುತ್ತೇವೆ ಎಂದ. ಬೆಲೆಯ ಮಾತು ಅವರಿಬ್ಬರಲ್ಲೇ ಮುಗಿಯಿತು.

ನಾಲ್ಕು ಜನ ಬಂದು ಹಂಡೆಗಳನ್ನು ಎತ್ತಿದರು. ಪಕ್ಕದಲ್ಲಿ ನಡೆಯುತ್ತಲೇ ಮೂವರೂ ನೀರು ಕಲಕಿದರು. ಕೊಳದ ಮೆಟ್ಟಿಲಲ್ಲಿ ಹರಾಧನ್ ಹಂಡೆಯನ್ನು ಮೆಲ್ಲಗೆ ಓರೆಮಾಡಿದ. ಮರಿಗಳು ಹೊಗೆಯಂತೆ ಹರಡಿ ಹಸಿರು ನೀರಿನಲ್ಲಿ ಕಾಣದಾದವು. ಅಕ್ಷರಾ ಸುಕ್ಕುಗಟ್ಟಿದ ಅಂಗೈ ನೋಡಿಕೊಂಡು ನಕ್ಕಳು. ಅವಳು ನಗುವುದನ್ನು ಸಿಂಧೂರ ಅದುವರೆಗೆ ಕಂಡಿರಲಿಲ್ಲ.

ಮರುದಿನ ಬೇರೆ ಯಾವುದೋ ಗಾಡಿಯ ಬೆಲ್ಟ್ ಇದಕ್ಕೆ ಹೊಂದಿತು. ವ್ಯಾನು ಪೂಜೆಯವರೆಗೂ ಓಡಿತು. ಅವಧಿ ಮುಗಿಯುವ ಮುನ್ನಾದಿನ ಸಿಂಧೂರ ತಾನೇ ಅದನ್ನು ಗುಜರಿಯವರಿಗೆ ಬಿಟ್ಟು ಮೆಟ್ರೋ ಹಿಡಿದಳು.

"ಅಳು ಬಂತಾ ಅಕ್ಕ?" ಕೆಲಸ ಬಿಡದೆ ಉಳಿದಿದ್ದ ಅಕ್ಷರಾ ಸಂಜೆ ಕೇಳಿದಳು.

"ಬರ್ತೈತಿ ಅಂತ ಅಂಜಿದ್ದೆ," ಎಂದಳು ಸಿಂಧೂರ. "ಮೆಟ್ರೋದಾಗ ನಿದ್ದಿ ಬಂತು ನೋಡು. ಡಮ್ ಡಮ್ ದಾಟಿ ಹೋಗಿಬಿಟ್ಟಿದ್ದೆ."