ಎರಡು ಸುತ್ತು ತಂತಿ

ಸರಪಳಿ ಹಲ್ಲು ಕಡಿಯುವ ಹಾಗೆ ಕಟಕಟ ಅನ್ನುತ್ತಿದೆ, ನಿಧಾನ ಕಣಮ್ಮ, ನಿಧಾನ, ಬಾನೆಟ್ ಕಳಚಿದ ಕಾರಿನೊಳಕ್ಕೆ ಎದೆತನಕ ಬಗ್ಗಿ ಮೆಕ್ಯಾನಿಕ್ ಹೇಳುತ್ತಾನೆ, ಆಚೆ ಬದಿಯಲ್ಲಿ ಎಂಜಿನ್ ಎತ್ತುವ ಚೈನ್ ಪುಲ್ಲಿ ಜಗ್ಗುತ್ತಿರುವವಳು ತಮ್ಮನ ಹೆಂಡತಿ, ಬೇಡ ಅಂದರೂ ಕೇಳಲಿಲ್ಲ, ನಾನೇ ಎಳೀತೀನಿ ಭಾವ, ಅದು ಹೊರಗೆ ಬರೋದನ್ನ ನಾನು ನೋಡ್ಬೇಕು — ನೋಡಲಿ, ನೀರು ಕುಡಿದು ಸತ್ತ ಎಂಜಿನ್, ಆರು ತಿಂಗಳಿಂದ ಷೆಡ್ಡಿನ ಮೂಲೆಯಲ್ಲಿ ತುಕ್ಕು ಹಿಡಿದು ಕೂತದ್ದು, ಕೆರೆಯಿಂದ ಎತ್ತಿದ ದಿನ ಸೈಲೆನ್ಸರಿನಿಂದ ಕೆಸರು ಸುರಿದಿತ್ತು, ತಮ್ಮನ ಬಾಯಿಂದಲೂ, ಛೆ, ಅದು ಬೇಡ, ಬೋಲ್ಟು ನೋಡು, ಎಡಗಡೆಯ ಬೋಲ್ಟು ಬಿಟ್ಟಿದೆಯೇ, ಬಿಟ್ಟಿದೆ. ನಲವತ್ತು ವರ್ಷದ ಎರಡು ಬಾಗಿಲಿನ ಕಾರು, ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು ಓಡುವಂಥದ್ದು, ಅಣ್ಣತಮ್ಮ ಇಬ್ಬರೂ ಗುಜರಿಯಿಂದ ಎಳೆದು ತಂದು ಮೂರು ವರ್ಷ ಮೈ ಮುರಿದು ಜೀವ ಕೊಟ್ಟದ್ದು, ಅಣ್ಣನದು ಕೈ, ನನ್ನದು ಕಾಲು ಎಂದು ತಮ್ಮ ನಗುತ್ತಿದ್ದ, ನೀನು ಕಟ್ಟು, ನಾನು ತುಳೀತೀನಿ. ತುಳಿದ. ಆಸ್ಪತ್ರೆಯ ಅಂಗಳದಲ್ಲಿ ಜನ ಸುತ್ತುವರಿದಾಗ ಮೊದಲು ಬಾಯಿ ಬಿಟ್ಟವನು ಅಣ್ಣನೇ, ಅವನಿಗೆ ವೇಗದ ಹುಚ್ಚು, ಎಷ್ಟು ಹೇಳಿದ್ರೂ ಕೇಳ್ತಿರಲಿಲ್ಲ, ಹೇಳುವಾಗ ಎದೆಯಲ್ಲಿ ಏನೋ ಚುಚ್ಚಿತ್ತು, ಏನೆಂದು ಬಗ್ಗಿ ನೋಡಿರಲಿಲ್ಲ — ಇನ್ನೊಂದು ಗೇಣು ಎತ್ತು, ಹಾಂ, ಬೇರೆ ಎಂಜಿನ್ ಆಗಲೇ ತೊಳೆದು ಹಲಗೆಯ ಮೇಲಿದೆ, ಸಂಜೆಯೊಳಗೆ ಕೂರಿಸಬಹುದು, ಅವಳಿಗೆ ಕಾರು ಬೇಕು, ಇದೊಂದು ಎಂಜಿನ್ ಬೇಡ, ಇದರ ಸದ್ದು ಕಿವಿಯಲ್ಲೇ ನಿಂತುಬಿಟ್ಟಿದೆ ಭಾವ, ಎಂಜಿನ್ ಗೂಡು ಬಿಟ್ಟು ಎದ್ದಿತು, ತೂಗಿತು, ಮೆಲ್ಲಗೆ ತಿರುಗಿತು, ಇಷ್ಟು ದಿನ ಒಳಗೋಡೆಗೆ ಮುಖ ಮಾಡಿಕೊಂಡಿದ್ದ ಬದಿ ಈಗ ಅವನ ಕಣ್ಣೆದುರು, ಕೆಸರೊಣಗಿ ಬೂದಿಬಣ್ಣವಾದ ಕಾರ್ಬುರೇಟರ್, ಅದರ ಪಕ್ಕದಲ್ಲಿ, ಕಾಲು ಎತ್ತಿದಾಗ ಆಕ್ಸಿಲರೇಟರನ್ನು ಹಿಂದಕ್ಕೆಳೆಯುವ ಸ್ಪ್ರಿಂಗ್, ತುಂಡಾದ ಸ್ಪ್ರಿಂಗ್, ತುಂಡಾದಲ್ಲಿ ಎರಡು ಸುತ್ತು ತಂತಿ, ಸಡಿಲಿ ನೇತಾಡುವ ತಂತಿ. ಅವನೇ ಸುತ್ತಿದ್ದು, ಇದೇ ಎಡಗೈಯಲ್ಲಿ. ಸದ್ಯಕ್ಕೆ ಇರಲಿ ಕಣೋ, ನಾಳೆ ಹೊಸದು ಹಾಕ್ತೀನಿ, ನಾಳೆ ಅಂದು ಹನ್ನೊಂದು ದಿನ, ಅಣ್ಣಾ, ಪೆಡಲ್ ಯಾಕೋ ಹಿಡೀತಿದೆ, ಹಾಂ ಹಾಂ ನೋಡ್ತೀನಿ, ನೋಡಲಿಲ್ಲ, ಕೆರೆ ಏರಿಯ ತಿರುವಿನಲ್ಲಿ ತಮ್ಮ ಕಾಲು ಎತ್ತಿರುತ್ತಾನೆ, ಎತ್ತಿಯೇ ಇರುತ್ತಾನೆ, ಕಾರು ಕೇಳಿರುವುದಿಲ್ಲ.

ಏನಾಯ್ತು ಭಾವ, ಏನಾದ್ರೂ ಸಿಕ್ಕಿಕೊಂಡಿದ್ಯಾ? ಏನಿಲ್ಲ, ತುಕ್ಕು. ಕಿತ್ತು ಜೇಬಿಗೆ ಹಾಕಿಕೊಂಡರೆ ಮುಗಿಯಿತು, ಇವಳಿಗೇನು ಗೊತ್ತಾಗುತ್ತದೆ, ಎಂಜಿನ್ ಗುಜರಿಗೆ, ಗುಜರಿಯಿಂದ ಕುಲುಮೆಗೆ, ಬೆರಳು ಆಗಲೇ ತಂತಿಯ ಮೇಲಿದೆ — ಭಾವ, ಒಂದು ಮಾತು, ಯಾರಿಗೂ ಹೇಳಿಲ್ಲ, ಸರಪಳಿ ಹಿಡಿದೇ ಅನ್ನುತ್ತಾಳೆ ಅವಳು, ಮುಖ ಕಾಣದು, ಎಂಜಿನ್ ಅಡ್ಡ, ಅವತ್ತು ಬೆಳಿಗ್ಗೆ ಜಗಳ ಆಯ್ತು, ಎಲ್ಲಾದ್ರೂ ಹೋಗಿ ಸಾಯ್ರಿ ಅಂದ್ಬಿಟ್ಟೆ, ಅವರು ಮಾತೇ ಆಡದೆ ಕೀ ತಗೊಂಡು ಹೊರಟ್ರು, ಮೀನು ಹಿಡಿಯೋನು ಹೇಳಿದ್ನಲ್ಲ, ನೀರಿಗೆ ಬೀಳೋ ತನಕ ಸದ್ದು ಇಳೀಲೇ ಇಲ್ಲ ಅಂತ, ಬೇಕು ಅಂತಲೇ ಹೋದ್ರು ಭಾವ, ನಾನೇ ಕಳಿಸಿದ್ದು. ಆರು ತಿಂಗಳು ಇದನ್ನು ಹೊತ್ತುಕೊಂಡೇ ಒಲೆ ಹಚ್ಚಿದ್ದಾಳೆ, ಭಾವನಿಗೂ ಬಡಿಸಿದ್ದಾಳೆ, ತಾನು ಉಂಡು ಕೈ ತೊಳೆದು ಎದ್ದಿದ್ದಾನೆ, ಬೆರಳು ತಂತಿಯನ್ನು ಬಿಡುತ್ತದೆ, ಇಲ್ಲ ಕಣಮ್ಮ, ಅವನು ಸಾಯೋಕೆ ಹೋಗಿರಲಿಲ್ಲ, ಬಾ ಈ ಕಡೆ, ಸರಪಳಿ ಬಿಡು, ಅದು ಜಾರಲ್ಲ, ಬಾ. ಬರುತ್ತಾಳೆ, ಸೆರಗಿನಲ್ಲಿ ಕೈಯ ಗ್ರೀಸ್ ಒರೆಸಿಕೊಳ್ಳುತ್ತ, ಏನು ಭಾವ? ಇದು, ಇದನ್ನ ಸುತ್ತಿದ್ದು ನಾನು. ಯಾವುದು? ಇದು, ಇದು ಬಿಚ್ಚಿಕೊಂಡ್ರೆ ಕಾಲು ಎತ್ತಿದ್ರೂ ಪೆಡಲ್ ಹಿಂದಕ್ಕೆ ಬರಲ್ಲ. ಅವಳು ಬಗ್ಗುತ್ತಾಳೆ, ಇನ್ನೂ ಅರ್ಥವಾಗಿಲ್ಲ, ಈಗ ಆಗುತ್ತದೆ, ಈಗ, ತಂತಿ, ಎಡಕ್ಕೆ ತಿರುಚಿದ್ದು, ಎಡಗೈಯವನು ತಿರುಚಿದ್ದು, ಎರಡು ಸುತ್ತು, ಎರಡೇ ಎರಡು ಸುತ್ತು ತಂತಿ —