ಬೇಲಿಯಲ್ಲೊಂದು ಕಿಂಡಿ

ಮೂರು ಸಲ ಸೋಪು ಹಚ್ಚಿ ಉಜ್ಜಿದರೂ ಅಪ್ಪನ ಉಗುರಿನ ಹಸಿರು ಬಿಡಲಿಲ್ಲ. ಮಗಳು ಹಲ್ಲುಜ್ಜುವ ಹಳೆಯ ಬ್ರಶ್ಶಾದರೂ ಸಿಕ್ಕೀತೇ ಎಂದು ಎದ್ದಳು.

"ಬಿಡೇ, ಸಾಕು," ಎಂದಳು ಅಮ್ಮ. "ಮೂವತ್ತು ವರ್ಷ ನಾನು ಬೈದ್ರೇ ಹೋಗ್ಲಿಲ್ಲ. ಈಗ ನಿನ್ನ ಮಾತು ಕೇಳುತ್ತಾ ಅದು?"

ಶವಕ್ಕೆ ಸ್ನಾನ ಮಾಡಿಸುತ್ತಿದ್ದ ಇಬ್ಬರಿಗೂ ಅಳುವಿನ ನಡುವೆಯೇ ನಗು ಬಂತು. ಅಪ್ಪ ಊರಾಚೆಯ ಹಳೆಯ ಬಂಗಲೆಯ ತೋಟದ ಮಾಲಿ. ಬಂಗಲೆಯ ಧಣಿಗಳು ಎಂದೋ ಕಣ್ಮರೆಯಾಗಿ, ಈಗ ಜನ ಟಿಕೆಟ್ ಕೊಂಡು ಅವರ ಮಂಚ, ಕನ್ನಡಿಗಳನ್ನು ನೋಡಿಬರುತ್ತಾರೆ. ಆಳೆತ್ತರದ ಗಿಡಬೇಲಿಗಳನ್ನು ಕತ್ತರಿಸಿ ಗೋಡೆಯಂತೆ ನಿಲ್ಲಿಸುವುದು ಅಪ್ಪನ ಕೆಲಸ. ಮನೆಯವರು ಅಲ್ಲಿಗೆ ಹೋದದ್ದು ಒಂದೇ ಒಂದು ಸಲ.

*

ಅವಳಿಗಾಗ ಏಳು ವರ್ಷ. ಅಪ್ಪ ರಜೆ ಹಾಕಿ, ಇಸ್ತ್ರಿ ಅಂಗಿ ತೊಟ್ಟು, ಎಲ್ಲರಂತೆ ಸಾಲಿನಲ್ಲಿ ನಿಂತು ಟಿಕೆಟ್ ತೆಗೆದಿದ್ದ. ಒಳಗೆ ಹೋಗಿದ್ದೇ ತಡ, ಇಲ್ಲೊಂದು ಕಳೆ ಕಿತ್ತ, ಅಲ್ಲೊಂದು ಒಣಗಿದ ಹೂ ಚಿವುಟಿದ.

"ರಜೆಗೆ ಬಂದಿದ್ದೀರೋ, ಡ್ಯೂಟಿಗೋ?" ಎಂದು ಅಮ್ಮ ಸಿಡುಕಿದಳು.

"ಆಯ್ತು ಕಣೇ," ಎಂದು ಅವನು ಎರಡೂ ಕೈ ಜೇಬಿಗೆ ತುರುಕಿದ. ಮಗಳಿಗೆ ಕಾಲು ನೋವು, ಮೇಲೆ ಐಸ್‌ಕ್ರೀಮಿನ ಹಟ ಬೇರೆ.

"ಇನ್ನು ನಾಲ್ಕು ಹೆಜ್ಜೆ, ಪುಟ್ಟಿ. ಆ ತಿರುವಲ್ಲಿ ನಿನಗೇ ಅಂತ ಏನೋ ಒಂದು ಮಾಡಿಟ್ಟಿದ್ದೀನಿ."

"ನಂಗೇನೂ ಬೇಡ. ಬರೀ ಗಿಡ!" ಅವಳು ಹಾದಿಯಲ್ಲೇ ಕೂತುಬಿಟ್ಟಳು.

ಅಪ್ಪ ಒತ್ತಾಯ ಮಾಡಲಿಲ್ಲ. ಅವಳನ್ನು ಹೆಗಲೇರಿಸಿಕೊಂಡು ಗೇಟಿನತ್ತ ತಿರುಗಿದ. ಆಮೇಲೂ ಪ್ರತಿ ವರ್ಷ, "ಈ ಸಲ ಹೋಗೋಣ್ವಾ?" ಎನ್ನುವನು. ಅವಳಿಗೆ ಒಮ್ಮೆ ಪರೀಕ್ಷೆ, ಒಮ್ಮೆ ಗೆಳತಿಯರು, ಕೊನೆಗೆ ನೌಕರಿ. ಏನು ಮಾಡಿಟ್ಟಿದ್ದೆ ಎಂದು ಕೇಳಲೂ ಅವಳಿಗೆ ಪುರುಸೊತ್ತಾಗಲಿಲ್ಲ. ಈಗ ಕೇಳೋಣವೆಂದರೆ ಅಪ್ಪನಿಲ್ಲ.

*

ಮಧ್ಯಾಹ್ನ ಸ್ಮಶಾನದಿಂದ ಮರಳುವಾಗ ಬಂಗಲೆಯಲ್ಲಿ ಟಿಕೆಟ್ ಕೊಡುವ ಮುದುಕ ಜೊತೆಗಿದ್ದ, ಅಪ್ಪನ ಜೀವದ ಗೆಳೆಯ. ಅವಳು ಅವನನ್ನೇ ಕೇಳಿದಳು.

"ಅಯ್ಯೋ, ನೋಡೇ ಇಲ್ವೇನಮ್ಮ ನೀನು?" ಎಂದವನೇ ಬಂಗಲೆಯ ಗೇಟು ತೆಗೆದು ಕರೆದೊಯ್ದ.

ತಿರುವಿನ ಬೇಲಿಯಲ್ಲಿ ಮುಖದಷ್ಟಗಲದ ಒಂದು ಕಿಂಡಿ. ಅದರಡಿಗೆ, ಒಂದರ ಕೆಳಗೊಂದು, ಎಲೆ ತೆಳ್ಳಗಿರುವ ಐದಾರು ತೇಪೆಗಳು.

"ಅವೆಲ್ಲ ಮುಚ್ಚಿಹೋದ ಕಿಂಡಿಗಳು ಕಣಮ್ಮ. ಮಗೂಗೆ ಆಚೆಯ ಕೊಳ ಕಾಣ್ಲಿ ಅಂತ ಮಾಡಿದ್ದ. ನೀನು ಬೆಳೆದ ಹಾಗೆ ವರ್ಷಾವರ್ಷ ಮೇಲಕ್ಕೆ ಕತ್ತರಿಸೋನು. 'ಈಗ ನನ್ನ ಅಂಗಿ ಎರಡನೇ ಗುಂಡಿಗೆ ಬಂದಿದ್ದಾಳೆ' ಅನ್ನೋನು. ಯಾಕೋ ಇಲ್ಲಿಗೇ ನಿಲ್ಲಿಸ್ಬಿಟ್ಟ."

ಯಾಕೆಂದು ಅವಳಿಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ, ಸಂಜೆ ಮನೆಗೆ ಬಂದವನೇ ಅಪ್ಪ ಅವಳನ್ನು ಎದೆಗೆ ಒರಗಿಸಿ ನಿಲ್ಲಿಸಿಕೊಂಡು ನೆತ್ತಿಯ ಮೇಲೆ ಅಂಗೈ ಇಡುತ್ತಿದ್ದ. ಹದಿಮೂರರಲ್ಲಿ, ಗೆಳತಿಯರ ಎದುರು, "ಬಿಡಪ್ಪ, ನಾನೇನು ಪಾಪುನಾ?" ಎಂದು ಕೈ ತಳ್ಳಿದ್ದಳು. ಅವನು ಮತ್ತೆ ಅಳೆಯಲಿಲ್ಲ.

ಕಿಂಡಿ ಅವಳ ಗಲ್ಲದ ಮಟ್ಟಕ್ಕಿತ್ತು. ಅವಳು ಮೊಣಕಾಲು ಬಗ್ಗಿಸಿ, ಎಲೆಗಳ ನಡುವೆ ಮುಖವಿಟ್ಟಳು. ಕೊಳದಾಚೆ, ನೇರ ಎದುರಿಗೆ, ಒಂದು ಕಲ್ಲುಬೆಂಚು.

"ದಿನಾ ಊಟಕ್ಕೆ ಅಲ್ಲೇ ಕೂರೋನು," ಎಂದ ಮುದುಕ ಹಿಂದಿನಿಂದ. "ಈ ಕಡೆನೇ ನೋಡ್ಕೊಂಡು."

ಖಾಲಿ ಬೆಂಚಿನ ಸುತ್ತ ಬಾತುಕೋಳಿಗಳು ಆಗಲೇ ನೆರೆದು, ಕತ್ತೆತ್ತಿ ಕಾಯುತ್ತಿದ್ದವು.