ಹನ್ನೆರಡು ತೋಳು

"ಕೈ ತೆಗಿಯೇ ಮೇಜಿನ ಮೇಲಿಂದ. ನಿನ್ನ ಕೀವು ಅಂಟಿದ್ರೆ ನಿಮ್ಮಪ್ಪ ಬಂದು ಒರೆಸ್ತಾನಾ?"

ದೊಡ್ಡಕ್ಕ ಕೈ ತೆಗೆದಳು. ಪ್ರಯೋಗಾಲಯದ ಸಾಹೇಬನ ಮೇಜಿಗೆ ಹಾಸಿದ್ದ ಆ ಬಿಳಿ ಬಟ್ಟೆಯನ್ನು ಎಷ್ಟೋ ಸಲ ಒಗೆದವಳು ಅವಳೇ. ಆಸ್ಪತ್ರೆಯ ಒಗೆಯುವ ಕೋಣೆಯಲ್ಲಿ ಹತ್ತೊಂಬತ್ತು ವರ್ಷ ಕೈ ಬೇಯಿಸಿಕೊಂಡಿದ್ದಳು. ಈಗ ಮೈಮೇಲೆ, ಬಾಯೊಳಗೆ ನೀರ್ಗುಳ್ಳೆ ಎದ್ದು, ಒಡೆದು, ಚರ್ಮ ಸುಲಿಯುತ್ತಿತ್ತು. ಒಂದು ತುತ್ತು ನುಂಗಿದರೂ ಕಣ್ಣಲ್ಲಿ ನೀರು.

ಚರ್ಮದ ಡಾಕ್ಟರಮ್ಮ ಬಿಡಿಸಿ ಹೇಳಿದ್ದಳು: ಇದು ಅಂಟುವಂಥದ್ದಲ್ಲ, ಮೈ ಕಾಯಬೇಕಾದ ರಕ್ತವೇ ದಾರಿ ತಪ್ಪಿ ಚರ್ಮದ ಮೇಲೆ ತಿರುಗಿಬಿದ್ದಿದೆ, ಯಾವ ಬಗೆಯದೆಂದು ರಕ್ತ ನೋಡಿ ಗಟ್ಟಿ ಮಾಡಬೇಕು. ಒಗೆಯುವ ಕೋಣೆಯ ಮೇಸ್ತ್ರಿ ಒಪ್ಪಲಿಲ್ಲ. "ಅಂಟುರೋಗಾನೇ ಇದು. ಪರೀಕ್ಷೆ ಕಾಗದ ತಂದು ತೋರ್ಸು, ಅಲ್ಲೀವರೆಗೆ ಹೊಸಲು ದಾಟ್ಬೇಡ" ಎಂದು ಎಲ್ಲರೆದುರು ಹೊರಗಟ್ಟಿದ. ಅಂದಿನಿಂದ, ಅಲ್ಲೇ ಒಗೆಯುತ್ತಿದ್ದ ನಾದಿನಿಯೂ ಮನೆಯಲ್ಲಿ ಅವಳ ತಟ್ಟೆ ಬೇರೆ ಮಾಡಿದಳು. ಗುಳ್ಳೆಗಿಂತ ಅದೇ ಹೆಚ್ಚು ಉರಿಯುತ್ತಿತ್ತು.

"ರಕ್ತ ಕೊಟ್ಟು ಐದು ವಾರ ಆಯ್ತು ಸಾರ್."

"ಫ್ರಿಜ್ಜಲ್ಲಿದೆ, ಎಲ್ಲೂ ಓಡಿಹೋಗಲ್ಲ. ಪರೀಕ್ಷೆ ಕಿಟ್ ಒಡೆದ್ರೆ ಹನ್ನೆರಡು ಜನರ ರಕ್ತ ಒಟ್ಟಿಗೆ ಹಾಕ್ಬೇಕು. ನಿನ್ನೊಬ್ಬಳಿಗೋಸ್ಕರ ಒಡೆದು ಮಿಕ್ಕಿದ್ದು ಚರಂಡಿಗೆ ಸುರೀಲಾ?"

"ಇನ್ನೂ ಎಷ್ಟು ಜನ ಬೇಕು?"

"ಹನ್ನೊಂದು. ಅಷ್ಟು ಜನಕ್ಕೆ ಈ ರೋಗ ಬರ್ಲಿ ಅಂತ ದೇವ್ರನ್ನ ಬೇಡ್ಕೋ, ಹೋಗು."

ದೊಡ್ಡಕ್ಕ ಹಲ್ಲು ಕಚ್ಚಿಕೊಂಡು ಕೆಳಗಿಳಿದಳು. ಒಗೆಯುವ ಕೋಣೆಯ ಕಿಟಕಿಯಾಚೆ ನಿಂತು, ಸಾಹೇಬ ಅಂದದ್ದನ್ನು ಒಂದಕ್ಷರ ಬಿಡದೆ ಹೇಳಿದಳು. ಒಳಗೆ ಹನ್ನೊಂದು ಹೆಂಗಸರು ತಲೆ ಎತ್ತಲಿಲ್ಲ. ನಾದಿನಿ ದೊಡ್ಡ ಹಾಸಿಗೆ ಬಟ್ಟೆ ಹಿಂಡುತ್ತಿದ್ದಳು. ಅದರ ಇನ್ನೊಂದು ತುದಿ ಹಿಡಿಯುತ್ತಿದ್ದವಳು ದೊಡ್ಡಕ್ಕ; ಈಗ ನಾದಿನಿ ಆ ತುದಿಯನ್ನು ನಲ್ಲಿಗೆ ಕಟ್ಟಿಕೊಂಡಿದ್ದಳು.

"ಐದು ವಾರದಲ್ಲಿ ಈ ರೋಗ ಅಂತ ಇನ್ನೊಬ್ಬರೂ ಬಂದಿಲ್ವಾ ಅತ್ತಿಗೆ?"

"ಇಲ್ಲ."

"ನಾವೆಲ್ಲ ನಿನ್ನ ಜೊತೆ ಒಂದೇ ತೊಟ್ಟೀಲಿ ಕೈ ಅದ್ದಿದೋರು. ಒಬ್ಬಳಿಗಾದ್ರೂ ಅಂಟ್ಬೇಕಿತ್ತಲ್ಲ." ನಾದಿನಿ ತನ್ನ ತೋಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ನಾಚಿಕೆಯಿಂದ ಮುಖ ಕೆಂಪಾಯಿತು. "ಥೂ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ."

ನಲ್ಲಿಗೆ ಕಟ್ಟಿದ ತುದಿ ಬಿಚ್ಚಿ ಬಟ್ಟೆಯನ್ನು ತೊಟ್ಟಿಗೆ ಎಸೆದು ಹೊರಟಳು. ಉಳಿದವರೂ ಒಬ್ಬೊಬ್ಬರಾಗಿ ಕೈ ಒರೆಸಿಕೊಂಡು ಹಿಂದೆ ಬಂದರು.

ಸಾಹೇಬನ ಮೇಜಿನ ಸುತ್ತ ಒದ್ದೆ ತೋಳುಗಳು ಚಾಚಿಕೊಂಡವು.

"ಏನಿದು ಸಂತೆ? ನಿಮಗೇನಾಗಿದೆ?"

ಅಷ್ಟರಲ್ಲಿ ಮೇಸ್ತ್ರಿ ಏದುಸಿರು ಬಿಡುತ್ತ ಬಂದ. "ಮುಂಡೇವಾ, ಆಪರೇಷನ್ ಕೋಣೆಗೆ ಬಟ್ಟೆ ಯಾರು ಕೊಡ್ತಾರೆ? ನಡೀರಿ ಕೆಳಗೆ."

"ಅಂಟುರೋಗ ಅಂದೋನು ನೀನೇ ತಾನೆ?" ನಾದಿನಿ ತೋಳು ಕದಲಿಸಲಿಲ್ಲ. "ಹಂಗಾದ್ರೆ ನಮಗೂ ಅಂಟಿದೆ. ರೋಗದ ಕೈಲಿ ಒಗೆದ ಬಟ್ಟೆ ಕೊಯ್ದ ಹೊಟ್ಟೆ ಮೇಲೆ ಹಾಸ್ತೀಯಾ? ಅಂಟಲ್ಲ ಅಂತ ಈಗ್ಲೇ ಬರ್ಕೊಡು, ಇಲ್ಲಾ ನಮ್ಮ ರಕ್ತಾನೂ ನೋಡ್ಸು."

ದೊಡ್ಡಕ್ಕ ಮುಂದೆ ಬಂದು, ಸುಲಿದ ತನ್ನ ತೋಳನ್ನು ಅದೇ ಬಿಳಿ ಬಟ್ಟೆಯ ಮೇಲೆ ಊರಿದಳು. ಒಂದು ಗುಳ್ಳೆ ಒಡೆದು ಬಟ್ಟೆ ಒದ್ದೆಯಾಯಿತು.

"ಹನ್ನೆರಡಾಯ್ತು ಸಾರ್. ಒಡೀರಿ."

ಸಾಹೇಬ ಮೇಸ್ತ್ರಿಯ ಮುಖ ನೋಡಿದ. ಮೇಸ್ತ್ರಿ ನೆಲ ನೋಡಿದ. ಬಟ್ಟೆ ಬೇಕೆಂದು ಆಪರೇಷನ್ ಕೋಣೆಯಿಂದ ಫೋನು ಒಂದೇ ಸಮ ಬಡಿದುಕೊಳ್ಳುತ್ತಿತ್ತು. ಒಬ್ಬಳೂ ತೋಳು ಇಳಿಸಲಿಲ್ಲ.